ಕೊನೆಯ ದೋಣಿಯ ಸಿಗ್ನೆ

ಕ್ರೇನಿಗೆ ನೇತುಬಿದ್ದ ಪುಟ್ಟ ಹಾಯಿದೋಣಿ ತೂಗಾಡದಂತೆ ಹಗ್ಗ ಹಿಡಿದಿದ್ದ ಟೂರೆ, ಪಾಚಿಯ ಮೇಲೆ ಕಾಲಿಟ್ಟು ಜಾರಿ, ದೋಣಿ ಸಂಘದ ಅಷ್ಟೂ ಸದಸ್ಯರೆದುರು ಕೆಸರಿನಲ್ಲಿ ಕುಳಿತುಬಿಟ್ಟ. "ಕೂರೋದಕ್ಕೆ ಅಲ್ಲಿ ಬೆಂಚಿದೆ ಕಣಯ್ಯ," ಎಂದರು ದೋಣಿಯ ಒಡತಿ, ಎಂಬತ್ತೊಂದು ವರ್ಷದ ಸಿಗ್ನೆ. ಚಳಿಗಾಲಕ್ಕೆ ಎಲ್ಲರ ದೋಣಿ ದಡ ಸೇರಿದ ಮೇಲೆಯೇ ಸಿಗ್ನೆಯವರದು ನೀರಿನಿಂದ ಮೇಲೇಳಬೇಕು. ಸ್ಟಾಕ್‌ಹೋಮಿನಾಚೆಯ ಈ ದ್ವೀಪಕ್ಕೆ ಅವರೇ ಮಾಡಿದ ಕಾನೂನು ಅದು. "ಸಮುದ್ರ ಇನ್ನೂ ಹೆಪ್ಪುಗಟ್ಟಿಲ್ಲ, ನಿಮಗೇನು ಅವಸರ?" ಎಂದು ಅಕ್ಟೋಬರ್ ಪೂರ್ತಿ ಗದರುತ್ತಾರೆ. ಕ್ರೇನಿನವನಿಗೆ ಕ್ರೇನು ನಡೆಸುವುದನ್ನೂ, ಗಾಳಿಗೆ ಬೀಸುವುದನ್ನೂ ಹೇಳಿಕೊಡುತ್ತಾರೆ. ಸಹಾಯಕ್ಕೆ ಹೋದವರ ಕೈಗೆ ಏಲಕ್ಕಿ ಬನ್ನು ತುರುಕಿ ಸಾಗಹಾಕುತ್ತಾರೆ. ಟೂರೆಯ ಹೊಟ್ಟೆ ಬೆಳೆದದ್ದೇ ಹೀಗೆ ಸಹಾಯ ಮಾಡಲು ಹೋಗಿ. "ಒಬ್ಬರೇ ನಿಭಾಯಿಸೋಕಾಗದವರು ದೋಣಿ ಕಟ್ಟೋ ಜಾಗ ಬಿಟ್ಟುಕೊಡಲಿ, ಕಾಯ್ತಿರೋರು ಬಹಳ ಜನ ಇದ್ದಾರೆ," ಎಂದು ಅಧ್ಯಕ್ಷ ಅರ್ವಿಡ್ ಈ ಸಲ ಸಭೆಯಲ್ಲಿ ಹೇಳಿದಾಗ, "ಪಾಪ, ಅರ್ವಿಡ್ ಜಾಗ ಬಿಡ್ತಾನಂತೆ," ಎಂದು ಸಿಗ್ನೆ ಎಲ್ಲರನ್ನೂ ನಗಿಸಿದ್ದರು. ಈಗ ದಡಕ್ಕೆ ಬಂದ ದೋಣಿಗೆ ಅವರು ಟಾರ್ಪಾಲು ಹೊದಿಸುತ್ತಿದ್ದಾಗ ಟೂರೆ ಕೆಸರು ಕೊಡವುತ್ತಾ ಹತ್ತಿರ ಹೋದ. ಸಿಗ್ನೆ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯೊಂದರಿಂದಲೇ ಗಂಟು ಬಿಗಿಯುತ್ತಿದ್ದರು. ಬೇಸಿಗೆಯಿಂದ ಕೋಟಿನ ಜೇಬು ಬಿಟ್ಟು ಹೊರಬಾರದಿದ್ದ ಬಲಗೈ, ಇಂದು ಜೇಬಿನಿಂದ ಜಾರಿ, ಒದ್ದೆ ಕೈಗವಸಿನಂತೆ ಜೋತುಬಿದ್ದಿತ್ತು. ಅರ್ವಿಡ್‌ಗೆ ಅದು ಕಾಣದಂತೆ ಅಡ್ಡ ನಿಂತ ಟೂರೆ ದನಿ ತಗ್ಗಿಸಿ, "ವಸಂತಕ್ಕೆ ಒಂದೇ ಕೈಯಲ್ಲಿ ಹಾಯಿ ಹೇಗೆ ಏರಿಸ್ತೀರಿ?" ಎಂದ. ಸಿಗ್ನೆ ಗಂಟನ್ನು ಪೂರ್ತಿ ಬಿಗಿದು, ಬಾಯಿಂದ ಹಗ್ಗ ತೆಗೆದು ಹೇಳಿದರು: "ನಿಧಾನಕ್ಕೆ."