ಹೂವನ್ನು ಬೆನ್ನಿನಿಂದ ನೋಡುವಾಕೆ

ಬೆಳಗಿನ ಆರೂಕಾಲು. ಪೂರ್ವದ ಕಿಟಕಿಯಿಂದ ಬಿಸಿಲು ಗೋಡೆ ಸವರಿಕೊಂಡು ಅಡ್ಡಡ್ಡ ಬರುತ್ತಿದೆ. ಮೇಜಿನ ಮೇಲೆ ಬಾಗಿಲಿನಷ್ಟು ಅಗಲದ ಹೂವಿನ ಚಿತ್ರವೊಂದು ಬೋರಲು ಮಲಗಿದೆ. ಮೂಗು ತಾಗುವಷ್ಟು ಬಗ್ಗಿ ನಿಂತ ಐವತ್ತೆಂಟರ ಹೆಂಗಸು ಮೊದಲು ಅದರ ಬೆನ್ನನ್ನು ಮೂಸುತ್ತಾರೆ. ಕನ್ನಡಕ ಏರುವುದು ಆಮೇಲೆ.

"ಗಂಜಿ," ಎನ್ನುತ್ತಾರೆ. "ಬಟ್ಟೆಗೆ ಹಾಕ್ತಾರಲ್ಲ, ಅದು. ಅಂಗಡಿ ಗೋಂದಲ್ಲ."

ಎದುರಿನ ಸ್ಟೂಲಿನ ಮೇಲೆ ಆಸ್ಪತ್ರೆಯೊಂದರ ಉಗ್ರಾಣಾಧಿಕಾರಿ ಆಕಳಿಸುತ್ತಿದ್ದಾರೆ. "ಮೇಡಂ, ತಿರುಗಿಸಿ ನೋಡಿದ್ರೆ ಹೂ ಕಾಣ್ಸುತ್ತೆ."

"ಮುಂದಿನಿಂದ ಎಲ್ಲರೂ ನೋಡ್ತಾರೆ ಸ್ವಾಮಿ. ಅದಕ್ಕೆ ನಾನ್ಯಾಕೆ?"

ಈಕೆ ಕಲಾಕೃತಿಗಳ ಮೌಲ್ಯಮಾಪಕಿ. ಬೀದಿಯವರ ಬಾಯಲ್ಲಿ ಭೂತಗನ್ನಡಿ ಅಕ್ಕ. ಕೆಳಗಿನ ಅಂಗಡಿಯಲ್ಲಿ ಗಂಡ ಚಿತ್ರಗಳಿಗೆ ಕಟ್ಟು ಹಾಕುತ್ತಾರೆ, ಮೇಲಿನ ಕೋಣೆಯಲ್ಲಿ ಈಕೆ ಬೆಲೆ ಕಟ್ಟುತ್ತಾರೆ. ಬಣ್ಣ, ಬಟ್ಟೆ, ಕಾಗದ, ಒಣ ಎಸಳು, ಗುಂಡಿ ಎಲ್ಲ ಒಟ್ಟಿಗೆ ಅಂಟಿಸಿದ ಮಿಶ್ರ ಮಾಧ್ಯಮದ ಹೂಚಿತ್ರಗಳು ಇವರ ಖಾಸಾ ಕ್ಷೇತ್ರ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಕೊಟ್ಟ ಕೆಲಸ ಚಿತ್ರಗಳ ಬೆನ್ನಿಗೆ ಕಾಗದ ಹಚ್ಚುವುದು. ಆರು ವರ್ಷ ಬರೀ ಬೆನ್ನು ನೋಡಿದರು. ಯಾವ ಅಂಟು ಹಳದಿಯಾಗುತ್ತದೆ, ಯಾವುದು ಬಿರಿಯುತ್ತದೆ, ಯಾವುದಕ್ಕೆ ಇಲಿ ಬರುತ್ತದೆ ಎನ್ನುವುದೆಲ್ಲ ಅಲ್ಲಿಯ ವಿದ್ಯೆ. ಕಾಲೇಜಿನ ಪದವಿ ಆಮೇಲೆ, ಸಂಜೆ ತರಗತಿಯಲ್ಲಿ.

"ನಾನು ಚಿತ್ರಕ್ಕೆ ಚೌಕಟ್ಟು ಹಾಕ್ತೀನಿ, ಇವಳು ನನಗೆ ಹಾಕ್ತಾಳೆ," ಎಂದು ಗಂಡ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಾರೆ.

ವಾರಕ್ಕೆ ನಾಲ್ಕು ಚಿತ್ರ, ಇಪ್ಪತ್ತೆರಡು ವರ್ಷ. ಹತ್ತರಲ್ಲಿ ಒಂಬತ್ತು ಜನ ಮುಖ ಊದಿಸಿಕೊಂಡೇ ಮೆಟ್ಟಿಲು ಇಳಿಯುತ್ತಾರೆ. ಬಂದವರ ಧಾಟಿಯನ್ನು ಅಕ್ಕ ಕೊರಳು ಕೊಂಕಿಸಿ ಹಾಡಿ ತೋರಿಸುತ್ತಾರೆ: "ನಮ್ಮ ತಾತ ಹೇಳ್ತಿದ್ರೂ... ಇದು ಅರಮನೆಯಿಂದ ಬಂದದ್ದೂ..." ಮರುಕ್ಷಣ ಸ್ವಂತ ದನಿಗೆ ಇಳಿಯುತ್ತಾರೆ. "ಆ ಅರಮನೆಯಿಂದ ಬಂದಿದ್ದೇ ನಾನು ನಾನೂರು ನೋಡಿದ್ದೀನಿ. ಪಾಪ, ರಾಜನಿಗೆ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ ಅನ್ಸುತ್ತೆ."

ಇವತ್ತಿನ ಚಿತ್ರ ಅರಮನೆಯದಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಜನ ಕಾಯುವ ಹಾಲ್‌ನ ಗೋಡೆಯಲ್ಲಿ ತೂಗಿದ್ದು. ಇವತ್ತಿನಿಂದ ಆ ಹಾಲ್‌ಗೆ ಹೊಸ ಬಣ್ಣ ಹೊಡೆಯುತ್ತಾರೆ. ದಾಸ್ತಾನು ಪುಸ್ತಕದಲ್ಲಿ ಇದು 'ಅಲಂಕಾರಿಕ ವಸ್ತು, ಒಂದು'. ಬೆಲೆಯಿಲ್ಲ ಎಂದು ಅಕ್ಕ ಬರೆದರೆ ನಾಳೆ ಗುಜರಿಗೆ, ಬೆಲೆಯಿದೆ ಎಂದರೆ ಹರಾಜಿಗೆ. ಎರಡರಲ್ಲಿ ಯಾವುದೇ ಆದರೂ, ಚಿತ್ರ ಮತ್ತೆ ಆ ಗೋಡೆ ಕಾಣುವುದಿಲ್ಲ. ಬಾಗಿಲ ಬಳಿ ಕೈಚೀಲ ತಬ್ಬಿ ಕೂತ ಅಜ್ಜಿಯ ಸಂಕಟ ಅದೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದು ನಿವೃತ್ತರಾದ ಈಕೆಯೇ ಚಿತ್ರ ಮಾಡಿದವರು. ಚಿತ್ರದ ಜೊತೆಗೆ ವ್ಯಾನು ಹತ್ತಿ ಬಂದಿದ್ದಾರೆ.

ಬಾಯಿ ತೆರೆಯಹೋದ ಅಜ್ಜಿಯನ್ನು ಅಕ್ಕ ಕೈಯೆತ್ತಿ ತಡೆಯುತ್ತಾರೆ. "ಮೊದಲು ಚಿತ್ರ ಮಾತಾಡ್ಲಿ ಅಮ್ಮ. ಆಮೇಲೆ ನೀವು." ಇದು ಇವರ ಪದ್ಧತಿ. ಸಹಿಯ ಮೇಲೂ ಒಂದು ಚೀಟಿ ಮುಚ್ಚಿ, ಕೊನೆಗೆ ತೆಗೆಯುತ್ತಾರೆ.

ಚಿತ್ರ ಮಗುಚುತ್ತದೆ. ಹರಿದ ಹಾಸಿಗೆ ಬಟ್ಟೆಯ ಬಿಳಿ ಎಸಳುಗಳು, ಮಾತ್ರೆಯ ಹಾಳೆಯ ಬೆಳ್ಳಿ ಎಲೆಗಳು, ಎಕ್ಸ್‌ರೇ ಫಿಲ್ಮಿನ ಹೂದಾನಿ. ರೋಗಿಗಳು ಬಿಟ್ಟುಹೋದ ಗುಚ್ಛಗಳಿಂದ ಆಯ್ದ ನಿಜವಾದ ಎಸಳುಗಳು ಚಹಾದ ಬಣ್ಣಕ್ಕೆ ತಿರುಗಿವೆ. ಅಡ್ಡ ಬಿಸಿಲಿಗೆ ಪ್ರತಿ ತುಣುಕೂ ತನ್ನ ನೆರಳು ಚಾಚುತ್ತದೆ. ಈ ನೆರಳಿಗಾಗಿಯೇ ಅಕ್ಕ ಇಷ್ಟು ಬೇಗ ಏಳುವುದು. ಮೊದಲಿನದು ಯಾವುದು, ಆಮೇಲೆ ಮೆತ್ತಿದ್ದು ಯಾವುದು ಎಂದು ಅದು ಚಾಡಿ ಹೇಳುತ್ತದೆ. ಬಸ್ ಟಿಕೆಟಿನ ಒಂದು ಎಸಳು. ಚಾಕೊಲೇಟ್ ಕಾಗದದ ಮೊಗ್ಗು. ಅಂಗಿಯ ಗುಂಡಿ. ಮಡಿಸಿದ ರಕ್ತಪರೀಕ್ಷೆಯ ಚೀಟಿ. ಒಟ್ಟು ನಲವತ್ತಾರು ಕಡೆ ಬೇರೆ ಕೈ, ಕೆಲವೆಡೆ ಬೇರೆ ಅಂಟು. ಪ್ರತಿಯೊಂದರ ಮುಂದೂ ಅಕ್ಕ ಬಾಯಲ್ಲಿ ಹೇಳುತ್ತಲೇ ಪಟ್ಟಿಯಲ್ಲಿ ಪೆನ್ಸಿಲಿನಿಂದ 'ಹಾನಿ' ಎಂದು ಗುರುತಿಸುತ್ತಾರೆ. ವೃತ್ತಿಯ ನಿಯಮ ಹಾಗೆ: ಬೇರೆಯವರ ಕೈ ಬಿದ್ದಷ್ಟೂ ಬೆಲೆ ಇಳಿಯುತ್ತದೆ.

ಅಜ್ಜಿ ಇನ್ನು ತಡೆಯಲಾರರು. "ಹಾನಿ ಅಲ್ಲಮ್ಮ ಅದು. ಎರಡನೇ ವರ್ಷ ಒಂದು ಎಸಳು ಉದುರ್ತು. ಅಂಟಿಸೋಣ ಅಂತ ಗಂಜಿ ಹಿಡ್ಕೊಂಡು ಹೋದ್ರೆ, ಯಾರೋ ಆಗ್ಲೇ ಬಸ್ ಟಿಕೆಟ್ ಮಡಚಿ ಸಿಕ್ಕಿಸಿದ್ರು. ಕಾಯೋರಿಗೆ ಕೈಗೆ ಏನಾದ್ರೂ ಬೇಕಲ್ಲ. ಕಿಟಕಿ ಕಟ್ಟೆ ಮೇಲೆ ಒಂದು ಬಾಟ್ಲಿ ಗಂಜಿ ಇಟ್ಟುಬಿಟ್ಟೆ. ನಾನು ಕೆಲಸ ಬಿಟ್ಟು ಎಂಟು ವರ್ಷ. ಈಗ ಯಾರು ತುಂಬ್ತಾರೋ."

ಉಗ್ರಾಣಾಧಿಕಾರಿಯ ಆಕಳಿಕೆ ಅರ್ಧಕ್ಕೇ ನಿಲ್ಲುತ್ತದೆ. "ಅಲ್ಲಾ ಅಜ್ಜಿ, ಆಫೀಸಿನ ಗೋಂದು ತಿಂಗಳಿಗೊಂದು ಬಾಟ್ಲಿ ಎಲ್ಲಿ ಮಾಯ ಆಗುತ್ತೆ ಅಂತ ನಾನು ಎಂಟು ವರ್ಷದಿಂದ ತಲೆ ಕೆರ್ಕೋತಿದ್ದೀನಿ."

ಅಕ್ಕ ನಗುವುದಿಲ್ಲ. ಮೇಜಿನ ಖಾನೆಯಿಂದ ಬಟ್ಟೆ ಸುತ್ತಿದ ಸಣ್ಣ ಬ್ರಶ್ಶೊಂದನ್ನು ತೆಗೆದಿಡುತ್ತಾರೆ. ಕೂದಲ ತುದಿ ಹಳದಿ. ಹದಿನೇಳು ವರ್ಷದ ಹಿಂದೆ ಇಂಥದೇ ಚಿತ್ರವೊಂದರ ಮೇಲಿನ ಹಳದಿ ಪುಡಿಯನ್ನು ಧೂಳೆಂದು ಇದರಿಂದ ಗುಡಿಸಿದ್ದರು. ಅದು ಧೂಳಲ್ಲ, ಕಲಾವಿದೆ ಒಂದು ವಸಂತವಿಡೀ ಕೂಡಿಟ್ಟು ಉದುರಿಸಿದ್ದ ಪರಾಗ.

"ಅವರು ಬೈಲಿಲ್ಲ. ಬೈದಿದ್ರೆ ಮರೀತಿದ್ದೆ," ಎನ್ನುತ್ತಾರೆ ಅಕ್ಕ. ಬ್ರಶ್ಶನ್ನು ಅಂದಿನಿಂದ ತೊಳೆದಿಲ್ಲ. ಅಂದಿನಿಂದಲೇ ಇವರ ಪ್ರತಿ ಪ್ರಮಾಣಪತ್ರದ ಕೊನೆಯಲ್ಲಿ ಬೇರಾವ ಮೌಲ್ಯಮಾಪಕರೂ ಬರೆಯದ ಒಂದು ಸಾಲಿರುತ್ತದೆ: 'ನನಗೆ ಗೊತ್ತಿಲ್ಲದ್ದು'.

ರಬ್ಬರು ಹಿಡಿದು ನಲವತ್ತಾರು 'ಹಾನಿ'ಗಳನ್ನೂ ಒಂದೊಂದಾಗಿ ಅಳಿಸುತ್ತಾರೆ. ಮತ್ತೆ ಚಿತ್ರದ ಮೇಲೆ ಬಗ್ಗಿ ಬೆರಳ ತುದಿಯಲ್ಲಿ ಎಸಳುಗಳನ್ನು ಮುಟ್ಟುತ್ತಾ ಹೋಗಿ, ಎಡಮೂಲೆಯ ಗುಲಾಬಿ ಕಾಗದದ ಎಸಳಿನ ಮೇಲೆ ನಿಲ್ಲುತ್ತಾರೆ. ಬೆರಳು ಅಂಟುತ್ತದೆ.

"ಸ್ವಾಮಿ, ಇದು ಇನ್ನೂ ಒಣಗಿಲ್ಲ."

"ನಿನ್ನೆ ರಾತ್ರಿ ಯಾರೋ ಅಂಟಿಸಿರ್ಬೇಕು. ಹಾಲ್ ತುಂಬ ಜನ ಇದ್ರು."

"ಅಂದ್ರೆ ಕೆಲಸ ನಡೀತಾ ಇದೆ. ಮುಗಿಯದ ಚಿತ್ರಕ್ಕೆ ನಾನು ಬೆಲೆ ಕಟ್ಟಲ್ಲ. ಯಾರೂ ಕಟ್ಟಬಾರದು."

ಬರೆಯುತ್ತಾರೆ. ಮೌಲ್ಯ: ಕೃತಿ ಅಪೂರ್ಣ, ನಿಗದಿ ಸಾಧ್ಯವಿಲ್ಲ. ನನಗೆ ಗೊತ್ತಿಲ್ಲದ್ದು: ಇದು ಯಾವಾಗ ಮುಗಿಯುತ್ತದೆ ಎಂಬುದು.

ಉಗ್ರಾಣಾಧಿಕಾರಿ ಅದನ್ನು ಎರಡು ಸಲ ಓದುತ್ತಾರೆ. ಬೆಲೆ ನಿಗದಿಯಾಗದ ವಸ್ತುವನ್ನು ಗುಜರಿಗೂ ಹಾಕುವಂತಿಲ್ಲ, ಹರಾಜಿಗೂ ಇಡುವಂತಿಲ್ಲ. ಇದ್ದ ಜಾಗಕ್ಕೇ ಮರಳಿಸಬೇಕು. ನಿಯಮ ಅವರಿಗೆ ಬಾಯಿಪಾಠ. "ಬಣ್ಣದವರಿಗೆ ಫೋನ್ ಮಾಡ್ಬೇಕು," ಎಂದು ಗೊಣಗುತ್ತಾ ಎದ್ದು ನಿಲ್ಲುತ್ತಾರೆ. "ಆ ಮೊಳೆ ಕೀಳ್ಬೇಡಿ ಅಂತ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಎಲ್ಲ ಮುಗಿಯಿತೆನ್ನುವಾಗ ಅಕ್ಕ ಬ್ರಶ್ಶನ್ನು ಕೈಗೆತ್ತಿಕೊಂಡು, ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಕೇಳುವವರ ದನಿಯಲ್ಲಿ ಕೇಳುತ್ತಾರೆ:

"ಅಮ್ಮ, ಇದರ ತುದೀಲಿ ಒಂಚೂರು ಪರಾಗ ಉಳಿದಿದೆ. ಒಂದಿನ ಬಂದು ಅದನ್ನ ಈ ಚಿತ್ರಕ್ಕೆ ಅಂಟಿಸ್ಲಾ? ಹಿಂದುಗಡೆ ಎಲ್ಲಾದ್ರೂ ಸಾಕು."

"ಹಿಂದೆ ಯಾಕಮ್ಮ? ಮುಂದೇನೇ ಅಂಟಿಸು."

ಚಿತ್ರದ ಒಂದು ತುದಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ ಉಗ್ರಾಣಾಧಿಕಾರಿ ತಿರುಗಿ ನೋಡದೆಯೇ ಹೇಳುತ್ತಾರೆ: "ಬನ್ನಿ ಮೇಡಂ. ಗೋಂದು ಇರುತ್ತೆ."