ಸೊಂಟ ಮುಳುಗುವ ತೊಟ್ಟಿ

ನಮ್ಮವರು ಕುಳಿತು ಪರೀಕ್ಷೆ ಮಾಡದ ಸಾಮಾನು ನಮ್ಮ ಮನೆಯ ಹೊಸ್ತಿಲು ದಾಟಿಲ್ಲ. ಮಂಚ, ಕುರ್ಚಿ ಆದರೆ ಸರಿ. ಮದುವೆಯಾದ ಹೊಸದರಲ್ಲಿ ಜೋಳದ ಡಬ್ಬಿ ತರಲು ಹೋದಾಗಲೂ ಅಂಗಡಿಯವನ ಮುಂದೆಯೇ ಅದರ ಮುಚ್ಚಳದ ಮೇಲೆ ಕುಳಿತುಬಿಟ್ಟಿದ್ದರು. ನಾನು ನಾಚಿಕೆಯಿಂದ ಸತ್ತೇ ಹೋದೆ! ಹೆಸರು ಸೋಮಶೇಖರ. ಇಲ್ಲಿ ಬರೆಯುತ್ತಿದ್ದೇನೆ ಅಷ್ಟೇ, ಬಾಯಿಬಿಟ್ಟು ಕರೆದವಳಲ್ಲ. ನಾರಾಯಣಖೇಡ್ ಡಿಪೋದಲ್ಲಿ ಇಪ್ಪತ್ತೇಳು ವರ್ಷ ಕಂಡಕ್ಟರ್. ಜಹೀರಾಬಾದ್ ಮೇಲೆ ಹಾದು ತಾಂಡೂರಿಗೆ ಹೋಗುವ ಬಸ್ಸು ಅವರದು. ಕನ್ನಡದವರಿಗೆ ಕನ್ನಡ, ತೆಲುಗಿನವರಿಗೆ ತೆಲುಗು, ಉರ್ದುವಿನವರಿಗೆ ಉರ್ದು, ಜಗಳಕ್ಕೆ ಬಂದವರಿಗೆ ಮೂರೂ ಸೇರಿಸಿ ಉತ್ತರ ಕೊಡುತ್ತಿದ್ದರು.

ಎರಡು ಸಾವಿರದ ಒಂಬತ್ತರ ಡಿಸೆಂಬರ್. ತೆಲಂಗಾಣ ಬಂತು ಎಂದು ಊರೆಲ್ಲ ಪೇಢೆ ಹಂಚಿ ಎರಡು ವಾರ ಆಗಿರಲಿಲ್ಲ, ಇನ್ನೂ ಬಂದಿಲ್ಲ ಎಂದು ಬಂದ್ ಶುರುವಾಯಿತು. ಬಸ್ಸು ಒಂದು ದಿನ ಓಡಿದರೆ ಎರಡು ದಿನ ಡಿಪೋದಲ್ಲಿ. ಅದರ ಮೇಲೆ ಚಳಿ. ಎಂಥ ಚಳಿ ಅಂತೀರಿ! ಬಿಂದಿಗೆಯ ನೀರು ಮುಟ್ಟಿದರೆ ಬೆರಳು ಕಚ್ಚುತ್ತಿತ್ತು. ಅಂಥ ಒಂದು ಮುಂಜಾನೆ ಬಸ್ಸಿನಲ್ಲಿ ನೆಲಕ್ಕೆ ಕುಳಿತ ಮುದುಕಿಗೆ ಟಿಕೆಟ್ ಕೊಡಲು ಬಗ್ಗಿದವರು ಮತ್ತೆ ಮೇಲೇಳಲೇ ಇಲ್ಲ. ಸೊಂಟ ಹಿಡಿದುಬಿಟ್ಟಿತು. ಡ್ರೈವರ್ ಮತ್ತು ನಾಲ್ಕು ಜನ ಪ್ರಯಾಣಿಕರು ಅವರನ್ನು ಹಾಗೆಯೇ ಬಗ್ಗಿದ ಭಂಗಿಯಲ್ಲಿ ಎತ್ತಿ ತಂದು ಮನೆಯ ಕಟ್ಟೆಗೆ ಇಳಿಸಿದರು.

ಜಹೀರಾಬಾದಿನ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬು ಸರಿ ಇದೆ, ನರ ಬಿಗಿದಿದೆ ಎಂದರು. ಗುಳಿಗೆ ಅರ್ಧ ಕೆಲಸ, ಉಳಿದರ್ಧ ಬಿಸಿನೀರು. ಮುಂಜಾನೆ, ಸಂಜೆ, ಅರ್ಧ ಅರ್ಧ ತಾಸು ಸೊಂಟ ಮುಳುಗುವಷ್ಟು ನೀರಿನಲ್ಲಿ ಕೂಡಬೇಕು. ನಡುವೆ ನೀರು ಆರಿತೋ, ಕೂತದ್ದೆಲ್ಲ ವ್ಯರ್ಥ. ಇತ್ತ ಡಿಪೋದಿಂದ ಚೀಟಿ ಬಂತು: ಜನವರಿ ಇಪ್ಪತ್ತೆಂಟಕ್ಕೆ ಮೈ ತಪಾಸಣೆ. ಬಗ್ಗಿ ಏಳಲು, ಕೈ ಹಿಡಿಯದೆ ಬಸ್ಸಿನ ಮೆಟ್ಟಿಲು ಹತ್ತಲು ಬಂದರೆ ಮತ್ತೆ ಬಸ್ಸು. ಬರದಿದ್ದರೆ ಡಿಪೋದ ಗೇಟಿನಲ್ಲಿ ಕುರ್ಚಿ, ಹೋಗಿ ಬರುವ ಬಸ್ಸುಗಳ ನಂಬರು ಬರೆಯುವ ಕೆಲಸ. ಸಂಬಳ ಅಷ್ಟೇ. ಆದರೆ ನಮ್ಮವರ ಮುಖ ನೋಡಲಾಗಲಿಲ್ಲ.

"ಗೇಟಿನ್ಯಾಗ ಮಂದಿ ಇರಂಗಿಲ್ಲ ನರ್ಮದಾ," ಎಂದರು. "ಬಸ್ಸು ಬರ್ತಾವ, ಬಸ್ಸು ಹೋಗ್ತಾವ. ನಾ ಯಾರ ಜೋಡಿ ಮಾತಾಡ್ಲಿ?"

ದಿನಕ್ಕೆ ಹತ್ತು ಸಲ ಅವರನ್ನು ಬಯ್ಯುವ ನನಗೆ ಆ ಹೊತ್ತು ಒಂದು ಬೈಗುಳವೂ ನೆನಪಾಗಲಿಲ್ಲ. ಏಳ್ರಿ, ತೊಟ್ಟಿ ತರೋಣ ಎಂದೆ.

ಮರುದಿನವೇ ನನ್ನ ಹೆಗಲು ಹಿಡಿದುಕೊಂಡು ಜಹೀರಾಬಾದಿಗೆ ಬಂದರು. ಸೊಂಟ ಕೊಂಕಿದ್ದರೂ ಕಣ್ಣಲ್ಲಿ ಮಾತ್ರ ಜಾತ್ರೆಗೆ ಹೊರಟ ಹುಡುಗನ ಉಮೇದು! ಮೊದಲ ಅಂಗಡಿಯಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬು. ಪ್ಯಾಂಟು, ಸ್ವೆಟರು, ಮಫ್ಲರು ಸಮೇತ ಅದರೊಳಗೆ ಕುಳಿತೇ ಬಿಟ್ಟರು. ಮೊಣಕಾಲು ಗದ್ದಕ್ಕೆ ಬಂತು. ಹೊರಗೆ ಮೆರವಣಿಗೆ ಹೋಗುತ್ತಿದ್ದವರು ಇವರನ್ನು ನೋಡಿ, ಇದೇನೋ ಹೊಸ ನಮೂನೆಯ ಧರಣಿ ಇರಬೇಕೆಂದು ಅಂಗಡಿಯ ಮುಂದೆ ನಿಂತು "ಜೈ ತೆಲಂಗಾಣ" ಕೂಗಿದರು. ಇವರೂ ಟಬ್ಬಿನೊಳಗಿಂದ ಕೈ ಎತ್ತಿ ಕೂಗಿದರು. ನಾನು ಸೆರಗು ಮುಖಕ್ಕೆ ಅಡ್ಡ ಹಿಡಿದು ಮುಂದಿನ ಅಂಗಡಿಗೆ ನಡೆದೆ.

ಅಲ್ಲಿ ಕರೆಂಟಿನಿಂದ ನೀರು ಕಾಯುವ ಬಿಳಿ ತೊಟ್ಟಿ ಇತ್ತು, ಉದ್ದವಾಗಿ ಮಲಗಬಹುದಾದಂಥದು. ನಮ್ಮವರು ಮಲಗಿಯೂ ನೋಡಿದರು.

"ಕರೆಂಟ್ ಹೋದ್ರ ಏನ್ ಮಾಡ್ಬೇಕ್ರಿ?" ಎಂದು ನಾನು ಕೇಳಿದೆ.

"ಬರೂತನ ಕಾಯ್ಬೇಕ್ರಿ ಅಕ್ಕಾ," ಎಂದ ಅಂಗಡಿಯವನು.

"ಹಂಗಾದ್ರ ಇವರ್ನ ಒಳಗ ಇಟ್ಕೊಂಡು ಕಾಯ್ಬೇಕೋ, ಹೊರಗ ತಗೊಂಡು ಕಾಯ್ಬೇಕೋ?"

ಅವನು ನಕ್ಕುಬಿಟ್ಟ. ಆಚೆಯ ಪಾತ್ರೆ ಅಂಗಡಿಯಲ್ಲಿ ತಾಮ್ರದ ಹಂಡೆಯೊಳಗೆ ಇವರ ಒಂದೇ ಕಾಲು ಹಿಡಿಯಿತು. ದೊಡ್ಡ ಕಡಾಯಿಗೆ ಕೆಳಗೆ ಬೆಂಕಿ ಹಾಕಿ ಮೇಲೆ ಕೂಡಿಸೋಣವೆಂದರೆ ನನ್ನ ಗಂಡನೇನು ಶೇಂಗಾವೇ?

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದಾಗ ನಮ್ಮವರು ಬಸಿಯನ್ನು ಟಪ್ಪನೆ ಬೆಂಚಿನ ಮೇಲಿಟ್ಟರು. "ತಾಂಡೂರ ಕಲ್ಲು!"

ಹೌದಲ್ಲ! ನಮ್ಮ ಕಡೆ ನೆಲಕ್ಕೆ ತಾಂಡೂರು ಕಲ್ಲು, ಮಾಳಿಗೆಗೆ ಅದೇ, ಗೂಡಿನ ಹಲಗೆ ಅದೇ, ಬಟ್ಟೆ ಒಗೆಯಲು ಅದೇ, ದನ ನೀರು ಕುಡಿಯುವ ತೊಟ್ಟಿಯೂ ಅದೇ. ಏನೇ ಬೇಕಾದರೂ ನಮ್ಮ ಜನ ಮೊದಲು ಕಲ್ಲನ್ನೇ ನೆನೆಸುತ್ತಾರೆ. ತುಕ್ಕಿಲ್ಲ, ಸೋರುವುದಿಲ್ಲ, ಮೊಮ್ಮಕ್ಕಳ ಕಾಲದವರೆಗೆ ಬಾಳಿಕೆ. ಬಸ್ಸು ಓಡಿದ ದಿನ ಸೀದಾ ತಾಂಡೂರಿಗೆ ಹೋದೆವು. ಅಲ್ಲಿ ಸಾಯಪ್ಪ ಎಂಬ ಕಲ್ಲು ಕೊಯ್ಯುವವನು, ಇವರ ಬಸ್ಸಿನ ಹಳೆಯ ಗಿರಾಕಿ, ಚಪ್ಪಡಿಗಳನ್ನು ಒಂದೊಂದಾಗಿ ನಿಲ್ಲಿಸಿ ತೋರಿಸಿದ. ನಮ್ಮವರು ನೆಲದ ಮೇಲೆ ಕಾಲು ಚಾಚಿ ಕುಳಿತರು, ಸಾಯಪ್ಪ ಸುತ್ತಲೂ ಗೇಣು ಜಾಗ ಬಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದ. ನುಣುಪು ಮಾಡಿದ ನೀಲಿ ಕಲ್ಲೇ ಬೇಕು ಎಂದು ಹಟ ಹಿಡಿದವಳು ನಾನು. ಸುಳ್ಳೇಕೆ ಹೇಳಲಿ?

ನಾರಾಯಣಖೇಡಿನಿಂದ ತಾಂಡೂರಿನ ಬೇಳೆ ಮಿಲ್ಲಿಗೆ ತೊಗರಿ ಒಯ್ದು ಇಳಿಸಿ ಖಾಲಿ ಮರಳುವ ಲಾರಿಯಲ್ಲಿ ಕಲ್ಲು ಬಂತು. ಬಚ್ಚಲಲ್ಲಿ ಸಿಮೆಂಟು ಹಾಕಿ ಕೂಡಿಸಿ ಐದು ದಿನ ಒಣಗಿಸಿದೆವು. ಆರನೆಯ ದಿನ ನೆರೆಮನೆಯ ಅಮೃತಬಾಯಿ ತೆಂಗಿನಕಾಯಿ ಹಿಡಿದೇ ಬಂದಳು. ನಾನು ನಾಲ್ಕು ಹಂಡೆ ನೀರು ಕಾಯಿಸಿ ಸುರಿದೆ. ಹೊಗೆಯಾಡುವ ನೀರಿಗೆ ನಮ್ಮವರು ಇಳಿದು "ಆಹಾ!" ಎಂದರು. ನಾನೂ ಅಮೃತಬಾಯಿಯೂ ಬಾಗಿಲ ಹೊರಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಎರಡನೆಯ "ಆಹಾ" ಸ್ವಲ್ಪ ಸಣ್ಣಗಾಯಿತು. ಆಮೇಲೆ ಹಲ್ಲು ಕಟಕಟ.

"ನರ್ಮದಾ! ಥಂಡಿ! ಹಿಡಿ, ಹಿಡಿ, ಸೊಂಟ ಹೋತು!"

ಹತ್ತೇ ನಿಮಿಷ! ನಾಲ್ಕು ಹಂಡೆಯ ಬಿಸಿಯನ್ನೆಲ್ಲ ಆ ಕಲ್ಲು ಕುಡಿದು ಕೂತಿತ್ತು. ಇಬ್ಬರೂ ಸೇರಿ ಎತ್ತಿದೆವು. ಸೊಂಟ ಮೊದಲಿಗಿಂತ ಬಿಗಿದಿತ್ತು. ನನಗೆ ಬಂದ ಸಿಟ್ಟು ಯಾರ ಮೇಲೆಂದು ಹೇಳಲಿ! ಕಲ್ಲಿಗೆ ಬಯ್ದೆ, ಸಾಯಪ್ಪನಿಗೆ ಬಯ್ದೆ, ಚಳಿಗೆ ಬಯ್ದೆ, ನುಣುಪು ಬೇಕೆಂದ ನನಗೇ ಬಯ್ದುಕೊಂಡೆ. ತಪಾಸಣೆಗೆ ಇನ್ನು ಉಳಿದದ್ದು ಹದಿನೆಂಟು ದಿನ. ನಮ್ಮವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮರುದಿನ ಬಂದ್. ನಮ್ಮ ಮನೆಯ ಹಿಂದಿನ ಹೊಲದಲ್ಲಿ ಕಲ್ಹೇರ್ ಕಡೆಯ ಕುರಿಗಾರ ಭೀಮಶಾ ಮತ್ತು ಅವನ ಹೆಂಡತಿ ಲಕ್ಷ್ಮಿಬಾಯಿ ಕುರಿ ತರುಬಿ ಬಿಡಾರ ಹೂಡಿದ್ದರು. ಲಕ್ಷ್ಮಿಬಾಯಿ ನೀರು ಕೇಳಲು ಬಂದವಳು ತೊಟ್ಟಿ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಏನವ್ವಾ, ಹಲ್ಲು ಕಿಸೀತಿ?" ನಾನು ರೇಗಿದೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾವ್ರ. ಈ ಥಂಡ್ಯಾಗ ಆಗಷ್ಟ ಹುಟ್ಟಿದ ಮರೀನ ಬರೀ ಕಲ್ಲಿನ ಮ್ಯಾಲ ಬಿಟ್ರ ಹೊತ್ತು ಏರೂದ್ರಾಗ ಸಾಯ್ತದ. ನಾವು ಬುಟ್ಟ್ಯಾಗ ತೊಗರಿ ಹೊಟ್ಟು ತುಂಬ್ತೀವಿ, ನಡುವ ಮರಿ ಇಡ್ತೀವಿ, ಮ್ಯಾಲ ಕಂಬಳಿ ಮುಚ್ತೀವಿ. ಬೆಂಕಿ ಬ್ಯಾಡ, ಏನೂ ಬ್ಯಾಡ. ಮರೀದು ಬಿಸಿ ಮರೀಗೇ ಸಾಕಾಗ್ತದ. ಸಾಹೇಬರಿಗೂ ಹಂಗ ಮಾಡ್ರಿ."

ಗೋಡೆಯ ಕಡೆಗಿದ್ದ ಮುಖ ಥಟ್ಟನೆ ಈಚೆ ತಿರುಗಿತು. "ಕಲ್ಲು ಹೊರಗ. ತಗಡಿನ ಪತ್ರಾ ಒಳಗ. ನಡುವ ಹೊಟ್ಟು!" ನಮ್ಮವರು ಕೂಗಿದರು. "ನರ್ಮದಾ, ನನ್ನ ಚಪ್ಪಲಿ ಎಲ್ಲಿ?"

ಬಂದ್ ಎಂದು ವೆಲ್ಡಿಂಗ್ ಮಾಡುವ ಅಮೋಘಸಿದ್ದನ ಅಂಗಡಿಯ ಶಟರು ಅರ್ಧ ಇಳಿದಿತ್ತು. ಸೊಂಟ ಬಗ್ಗದ ಮನುಷ್ಯ ಅದರ ಕೆಳಗೆ ನುಸುಳುವುದೆಂತು? ನೆಲಕ್ಕೆ ಮಲಗಿಸಿ ನಾನೂ ಜೊತೆಗೆ ಬಂದಿದ್ದ ಭೀಮಶಾನೂ ಸೇರಿ ಒಳಗೆ ತಳ್ಳಿದೆವು. ಒಳಗೆ ಖಾಲಿ ಡ್ರಮ್ಮುಗಳು. ಒಂದು ಗಿಡ್ಡ, ಒಂದಕ್ಕೆ ತುಕ್ಕು. ಮೂರನೆಯದು ಉದ್ದ, ಒಳಗೆ ಅಡುಗೆ ಎಣ್ಣೆ ತುಂಬಿದ್ದಂಥದು, ಸ್ವಚ್ಛ. ಅದನ್ನು ಉದ್ದಕ್ಕೆ ಸೀಳಿಸಿ, ಅಂಚು ಮಡಚಿಸಿ, ಅಲ್ಲೇ ಕುಳಿತು ನೋಡಿದರು. ಕಾಲು ಚಾಚಿತು, ಬೆನ್ನು ಒರಗಿತು.

"ಇದು ನನ್ನ ಸೀಟು!" ಎಂದರು.

ಕಲ್ಲಿನ ತೊಟ್ಟಿಯ ತಳಕ್ಕೆ ಗೇಣುದ್ದ ತೊಗರಿ ಹೊಟ್ಟು, ಅದರ ಮೇಲೆ ಡ್ರಮ್ಮು, ಸುತ್ತ ಗಿಡಿದು ತುಂಬಿದ ಹೊಟ್ಟು, ಅದು ನೆನೆಯದಂತೆ ಅಂಚಿಗೆ ರಬ್ಬರು ಹಾಳೆ. ಮೇಲೆ ಮರದ ಹಲಗೆ, ಹಲಗೆಯ ಮೇಲೆ ಲಕ್ಷ್ಮಿಬಾಯಿಯ ದಪ್ಪ ಕರಿಕಂಬಳಿ. ತಲೆ ಮಾತ್ರ ಹೊರಗೆ. ಈ ಸಲ ಎರಡೇ ಹಂಡೆ ನೀರು ಸಾಕಾಯಿತು. ನಾನು ಗಡಿಯಾರ ಹಿಡಿದು ಎದುರಿಗೆ ಕುಳಿತೆ. ಹತ್ತು ನಿಮಿಷ. ಹದಿನೈದು. ಇಪ್ಪತ್ತೈದು. ಹಣೆಯ ಮೇಲೆ ಬೆವರು! ಆ ಚಳಿಯಲ್ಲಿ ಬೆವರು! ಅರ್ಧ ತಾಸಿಗೆ ಕಂಬಳಿ ಸರಿಸಿ ಕೈ ಅದ್ದಿದೆ. ನೀರು ಇನ್ನೂ ಬೆಚ್ಚಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಲಕ್ಷ್ಮಿಬಾಯಿಯನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅವಳ ಮೈಯೆಲ್ಲ ಕುರಿಯ ವಾಸನೆ. ಇರಲಿ ಬಿಡಿ.

ನಾಲ್ಕನೆಯ ದಿನ ಗೋಡೆ ಹಿಡಿಯದೆ ನಡೆದರು. ಹತ್ತನೆಯ ದಿನ ಬಿದ್ದ ಚಮಚ ಬಗ್ಗಿ ಎತ್ತಿಕೊಟ್ಟರು. ಆ ಚಮಚ ಬೀಳಿಸಿದ್ದು ನಾನೇ, ಬೇಕೆಂದೇ.

ಇಪ್ಪತ್ತೆಂಟರ ಮುಂಜಾನೆ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಹೋದರು. ನೀ ಬರಬ್ಯಾಡ, ನೀ ಬಂದ್ರ ನನಗ ಕೈ ಕಾಲು ನಡುಗ್ತಾವ ಎಂದಿದ್ದರು. ಮನೆಯಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಒಲೆಯ ಮೇಲಿನ ಬೇಳೆ ಇಳಿಸಿ, ಬಾಗಿಲಿಗೆ ಚಿಲಕ ಹಾಕಿ ಬಸ್ ಸ್ಟಾಪಿಗೆ ಬಂದು ನಿಂತೆ.

ಡಿಪೋದ ಕಡೆಯಿಂದ ತಾಂಡೂರು ಬಸ್ಸು ಬಂತು. ಬಾಗಿಲಲ್ಲಿ ಯಾರೂ ಕಾಣಲಿಲ್ಲ. ನಾನು ಕತ್ತು ಚಾಚಿ ಕಿಟಕಿಗಳಲ್ಲಿ ಹುಡುಕಿದೆ. ಅಷ್ಟರಲ್ಲಿ ಮೂಟೆ ಹಿಡಿದ ಮುದುಕನೊಬ್ಬ ಹತ್ತಲು ಹೋದ. ಒಳಗಿನಿಂದ ಖಾಕಿ ತೋಳೆರಡು ಬಂದವು. ಬಗ್ಗಿ ಮೂಟೆಯನ್ನು ಎತ್ತಿಕೊಂಡವು.

ನಾನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವರ ಬಸ್ಸಿನಲ್ಲಿ ಒಬ್ಬಳೇ ಕುಳಿತವಳಲ್ಲ. ಸೆರಗಿನಿಂದ ಕಣ್ಣು ಒರೆಸುತ್ತ ಕಿಟಕಿಯ ಕಡೆ ತಿರುಗಿದ್ದೆ. ಟಿಕೆಟಿನ ಚೀಲ ನನ್ನ ಹತ್ತಿರ ಬಂದು ನಿಂತಿತು.

"ಎಲ್ಲಿಗ್ರೀ ಬಾಯೇರ?" ಎಂದರು, ಉಳಿದವರಿಗೆ ಕೇಳುವ ದನಿಯಲ್ಲೇ. ಆದರೆ ಮೀಸೆಯ ಕೆಳಗೆ ನಗು ಅಡಗುತ್ತಿರಲಿಲ್ಲ.

"ನೀವು ಎಲ್ಲೀತನ ನಿಂತು ಹೋಗ್ತೀರಿ, ಅಲ್ಲೀತನ ಕೊಡ್ರಿ," ಎಂದೆ.

ತಾಂಡೂರಿನ ತನಕ ಟಿಕೆಟ್ ಕೊಟ್ಟರು. ಅದರಾಚೆ ಆ ಬಸ್ಸು ಹೋಗುವುದಿಲ್ಲ.