ಒಂದು ಸಾಲಿನ ದಾರಿ

ನಮ್ಮ ಸರ್ ಕುರ್ಚಿಯಲ್ಲಿ ಕೂತಾಗ ಪ್ಯಾಂಟು ತುಸು ಮೇಲೆ ಸರಿದರೆ ಮೊಣಕಾಲಿನ ಕೆಳಗೆ ಗಾಯದ ಗುರುತುಗಳು ಕಾಣುತ್ತಿದ್ದವು. ಕೆಲವು ಒಣಗಿ ಕಪ್ಪಾದವು, ಕೆಲವು ಇನ್ನೂ ಹಸಿ. ಹೊನ್ನಾವರದ ಬಸ್‌ಸ್ಟ್ಯಾಂಡಿನಿಂದ ನಮ್ಮ ಆಫೀಸಿಗೆ ಬರುವ ರಸ್ತೆಯನ್ನು ಹೆದ್ದಾರಿ ಅಗಲ ಮಾಡುವವರು ಅಗೆದು ಹಾಕಿದ್ದರು. ಸರ್ ಮಡಚಿದ ಕೊಡೆಯಿಂದ ನೆಲ ತಟ್ಟುತ್ತ ಅದೇ ರಸ್ತೆಯಲ್ಲಿ ಬರುತ್ತಿದ್ದರು. ಕಣ್ಣು ಕಾಣದವರ ಬಿಳಿ ಕೋಲು ಹಿಡಿಯುತ್ತಿರಲಿಲ್ಲ. ಮೂವತ್ತೈದು ದಾಟಿದ ಮೇಲೆ ದೃಷ್ಟಿ ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿ, ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಪೂರ್ತಿ ಹೋಗಿತ್ತು.

ನಾವು ಮಾಡುತ್ತಿದ್ದುದು ಸಾಫ್ಟ್‌ವೇರ್ ಬರೆಯುವವರೇ ಬಳಸುವ ಒಂದು ಸಲಕರಣೆ. ಅದರಲ್ಲಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಟೈಪ್ ಮಾಡಿದರೆ ಕೆಲಸ ನಡೆದು, ಉತ್ತರವೂ ಸಾಲುಗಳಲ್ಲೇ ಬರುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಏನಿರಬೇಕು, ಏನಿರಬಾರದು ಎಂದು ಯೋಜಿಸುವುದು ಸರ್ ಕೆಲಸ. ಪರದೆಯ ಸಾಲುಗಳನ್ನು ಕಂಪ್ಯೂಟರು ಅವರ ಕಿವಿಗೆ ಓದಿ ಹೇಳುತ್ತಿತ್ತು. ಆ ಧ್ವನಿಯ ವೇಗಕ್ಕೆ ನನಗೆ ಒಂದು ಪದವೂ ಸಿಗುತ್ತಿರಲಿಲ್ಲ.

ಶಿರಾಲಿಯಿಂದ ಬರುತ್ತಿದ್ದ ನಾನು ಹೊಸದರಲ್ಲಿ ದಿನಕ್ಕೊಂದು ಸೌಲಭ್ಯ ಸೇರಿಸೋಣ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. "ಸೇರಿಸೂದು ಸುಲಭ, ತಂಗಿ. ಆಮೇಲೆ ತೆಗೂಕೆ ಆಗೂದಿಲ್ಲ. ಅಷ್ಟರಲ್ಲಿ ಯಾರೋ ಅದರ ಮೇಲೆ ಮನೆ ಕಟ್ಟಿರ್ತಾರೆ."

ಒಂದು ದಿನ ಹೆಡ್ ಆಫೀಸಿನವರು ವೀಡಿಯೋದಲ್ಲಿ ಮೀಟಿಂಗ್ ಕರೆದರು. ಹೊಸ ಆವೃತ್ತಿ ಬಣ್ಣಬಣ್ಣದ ಮೆನುವಾಗಬೇಕು, ಬಾಣದ ಕೀಲಿ ಒತ್ತಿ ಆರಿಸಿಕೊಳ್ಳುವಂತಿರಬೇಕು, ಸಾಲು ಟೈಪ್ ಮಾಡುವ ಹಳೆಯ ದಾರಿಯನ್ನು ಮುಚ್ಚಬೇಕು ಎಂದರು. ಎರಡನ್ನೂ ನೋಡಿಕೊಳ್ಳುವಷ್ಟು ಜನ ಇಲ್ಲವಂತೆ.

ಸರ್ ನಿಧಾನಕ್ಕೆ ಹೇಳಿದರು: "ಹಳೆ ದಾರಿ ಇರಲಿ. ಎಷ್ಟೋ ಗಿರಾಕಿಗಳಲ್ಲಿ ನಮ್ಮ ಸಲಕರಣೆಯನ್ನ ಮನುಷ್ಯರು ಓಡಿಸೂದಿಲ್ಲ, ಅವರ ಕಂಪ್ಯೂಟರ್ ಯಂತ್ರವೇ ತನ್ನಷ್ಟಕ್ಕೆ ಸಾಲು ಕೊಟ್ಟು ಓಡಿಸ್ತದೆ. ಅಲ್ಲಿ ಬಾಣದ ಕೀಲಿ ಯಾರು ಒತ್ತೂದು?"

ಆ ಕಡೆಯವನು ಚಿಕ್ಕ ವಯಸ್ಸಿನವನು, ಬಹಳ ಮರ್ಯಾದಸ್ಥ. "ಸರ್, ನಿಮ್ಮ ಕಷ್ಟ ನಮಗೆ ಅರ್ಥ ಆಗುತ್ತೆ. ನಿಮಗೆ ಏನಾದ್ರೂ ಬೇರೆ ವ್ಯವಸ್ಥೆ ಮಾಡೋಣ," ಎಂದ.

ಮೀಟಿಂಗ್ ಮುಗಿದ ಮೇಲೆ ಸರ್ ನನ್ನ ಕಡೆ ಮುಖ ಮಾಡಿ ಹೇಳಿದರು: "ನಾ ಯಂತ್ರದ ವಿಷಯ ಹೇಳ್ದೆ. ಅವ್ರಿಗೆ ನನ್ನ ಕಣ್ಣಿನ ವಿಷಯ ಕೇಳ್ತು."

"ನಾನು ಹೇಳ್ಲಾ ಸರ್?"

"ನೀ ಹೇಳಿದ್ರೂ ನಾನೇ ಹೇಳಿಸಿದ್ದು ಅಂತಾರೆ."

ಬೇರೆ ಕಂಪನಿ ನೋಡಬಹುದಲ್ಲ ಎಂದೆ. "ಈ ರಸ್ತೆ ಕಾಲಿಗೆ ಗೊತ್ತಾಗೂಕೇ ಇಷ್ಟು ಗಾಯ ಆತು. ಇನ್ನೊಂದು ಊರಲ್ಲಿ ಮೊದಲಿಂದ ಶುರು ಮಾಡೂದಾ?" ಎಂದರು.

ಮೆನುವಿನ ಯೋಜನೆಯನ್ನು ಅವರೇ ಮಾಡಿದರು, ಯಾವ ಆಯ್ಕೆ ಮೊದಲು, ಯಾವುದು ಆಮೇಲೆ ಎಂಬುದನ್ನೂ ಬಿಡದೆ. ಬರೆಯುವ ಕೆಲಸ ನನಗೆ ಬಂತು. "ಮಾಡೂದಾದ್ರೆ ಚಂದ ಮಾಡು ತಂಗಿ. ಬಳಸೋರದ್ದು ಎಂತ ತಪ್ಪು?"

ಅದು ಸಿದ್ಧವಾದ ದಿನ ಅವರ ಕಂಪ್ಯೂಟರಿನಲ್ಲಿ ಹಾಕಿದೆವು. ಪರದೆ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಬದಲಾದಾಗಲೆಲ್ಲ ಓದುವ ಧ್ವನಿ ಮೊದಲಿನಿಂದ ಶುರು ಮಾಡುತ್ತಿತ್ತು. ಒಂದು ಪದ ಮುಗಿಯುವುದರೊಳಗೆ ಮತ್ತೆ ಅದೇ ಪದ. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು.

ಅಂದಿನಿಂದ ನಾನು ಅವರ ಪಕ್ಕ ಕೂತು ಪರದೆ ಓದಿ ಹೇಳತೊಡಗಿದೆ. "ಈಗ ಎಂತ ಕಾಣ್ತದೆ?" ಎಂದು ಕೇಳುವರು. ನಾನು ಹೇಳುವೆ. ತಾವು ಮುಟ್ಟಲಾಗದ ಸಲಕರಣೆಗೆ ಮುಂದಿನ ಸೌಲಭ್ಯಗಳನ್ನು ಅವರು ಹೀಗೆ ಯೋಜಿಸಿದರು. ಎಷ್ಟೋ ಸಲ ಚೆನ್ನಾಗಿಯೇ ಯೋಜಿಸಿದರು. ಆದರೆ ಬಸ್ ಹತ್ತುವಾಗಲೂ ಯಾರ ಕೈಯನ್ನೂ ಹಿಡಿಯದ ಮನುಷ್ಯ ಈಗ ನನ್ನ ಬಿಡುವಿಗಾಗಿ ಕಾಯಬೇಕಿತ್ತು. ಒಮ್ಮೆ ಜ್ವರ ಬಂದು ನಾನು ರಜೆ ಹಾಕಿದೆ. ಮರುದಿನ "ನಿನ್ನೆ ಎಂತ ಮಾಡಿದ್ರಿ ಸರ್?" ಎಂದು ಕೇಳಿದೆ.

"ಎಂತ ಇಲ್ಲ. ಸುಮ್ನೆ ಕೂತಿದ್ದೆ," ಎಂದರು. ಸಂಜೆಯವರೆಗೂ ಹಾಗೇ ಕೂತಿದ್ದರೆಂದು ಪಕ್ಕದ ಮೇಜಿನವನು ಆಮೇಲೆ ಹೇಳಿದ.

ಆ ಮಳೆಗಾಲದಲ್ಲಿ ಕುಮಟಾದ ತಮ್ಮ ಮನೆಯಲ್ಲಿ, ಬೆಳಗಿನ ಚಾ ಕುಡಿಯುತ್ತಿರುವಾಗ, ಸರ್ ಹೃದಯ ನಿಂತಿತು.

ಗಿರಾಕಿಗಳಲ್ಲಿ ಹೆಚ್ಚಿನವರು ಅಲ್ಲಿಯವರೆಗೂ ಹಳೆಯ ಆವೃತ್ತಿಯಲ್ಲೇ ಇದ್ದರು. ಹೆಡ್ ಆಫೀಸು ಅದನ್ನು ನಿಲ್ಲಿಸಿದಾಗ ಎಲ್ಲರೂ ಹೊಸದಕ್ಕೆ ಬರಬೇಕಾಯಿತು. ಬಂದದ್ದೇ ತಡ, ಅವರ ಯಂತ್ರಗಳು ಒಂದೊಂದಾಗಿ ನಿಂತವು. ಮೆನು ಬಂದಿದೆ, ಆರಿಸಲು ಎದುರಿಗೆ ಯಾರೂ ಇಲ್ಲ. ದೂರುಗಳ ಮೇಲೆ ದೂರು. ಅದೇ ಮರ್ಯಾದಸ್ಥ ಹುಡುಗ ನನಗೆ ಫೋನ್ ಮಾಡಿ, ಒಂದು ಸಾಲಿನ ಹಳೆಯ ದಾರಿ ತಕ್ಷಣ ವಾಪಸ್ ಬೇಕು ಎಂದ. ಅದನ್ನು ಹಾಕಿದೆ. ಸರ್ ಕಂಪ್ಯೂಟರಿನಲ್ಲೂ ಹಾಕಿ ನೋಡಿದೆ; ಅದರ ಉತ್ತರವನ್ನು ಆ ಧ್ವನಿ ಯಾವ ತೊಂದರೆಯೂ ಇಲ್ಲದೆ ಓದಿತು.

ಸರ್ ಹೆಂಡತಿ ಶಾಲೆಯಲ್ಲಿ ಕಲಿಸುವ ಅಕ್ಕೋರು. ಸಂಜೆ ಅವರಿಗೆ ಫೋನ್ ಮಾಡಿ, ಸರ್ ಕೇಳಿದ್ದ ದಾರಿಯನ್ನು ಹೆಡ್ ಆಫೀಸಿನವರು ಮತ್ತೆ ತೆರೆಸಿದರು ಎಂದೆ.

"ಹೌದಾ? ಯಾರಿಗೆ ಬೇಕಾತು ಅದು?"

"ಯಂತ್ರಗಳಿಗೆ, ಅಕ್ಕೋರೆ."

"ಅದು ವಾಪಸ್ ಬರ್ತದೆ ಅಂತ ಅವ್ರಿಗೆ ಗೊತ್ತಿತ್ತು," ಎಂದರು ಅಕ್ಕೋರು. "ಅಲ್ಲಿವರೆಗೆ ಕಾಯೂದೇ ಅವ್ರಿಗೆ ಕಷ್ಟ ಆತು."